ಶೆಲ್ ಮಾಡೆಲ್ ಸರಿಯಿದ್ದರೆ ರೇರ್ ಅರ್ತ್ ನ್ಯೂಕ್ಲಿಯಸ್ ಯಾಕೆ ಗುಂಡಗಿಲ್ಲ?

ಫಿಸಿಕ್ಸ್ ಪುಸ್ತಕದ ಒಂದು ಅಧ್ಯಾಯದಲ್ಲಿ ಶೆಲ್ ಮಾಡೆಲ್, ಅಂದರೆ ಪ್ರೋಟಾನ್, ನ್ಯೂಟ್ರಾನ್‌ಗಳು ಪದರ ಪದರವಾಗಿ ಶೆಲ್‌ಗಳಲ್ಲಿ ತುಂಬುತ್ತವೆ, ನ್ಯೂಕ್ಲಿಯಸ್ (ಪರಮಾಣುವಿನ ನಡುವಿನ ತಿರುಳು) ಗುಂಡಗೆ. ಮುಂದಿನದರಲ್ಲಿ ಸಮೇರಿಯಂನಂಥ ರೇರ್ ಅರ್ತ್ ಧಾತುಗಳ ನ್ಯೂಕ್ಲಿಯಸ್‌ಗಳು ಉದ್ದಗಿವೆ, ತಿರುಗುತ್ತವೆ. ಯಾವುದು ನಿಜ ಅಂತ ಕೇಳಿದ್ದೀರಿ. ಎರಡೂ ನಿಜ. ಶೆಲ್‌ಗಳು ಇರುವುದರಿಂದಲೇ ಅವು ಉದ್ದವಾಗುತ್ತವೆ. ನಾನು ಹಾಸನದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ಪ್ರಶ್ನೆ ಯಾರಾದರೂ ಎತ್ತಿದರೆ ನನಗೆ ಬಹಳ ಖುಷಿ, ಎರಡೂ ಅಧ್ಯಾಯವನ್ನು ಮನಸ್ಸಿಟ್ಟು ಓದಿದವರಿಗೆ ಮಾತ್ರ ಇದು ಹೊಳೆಯುತ್ತದೆ.

ಸಮೇರಿಯಂ ತಗೊಳ್ಳಿ. 62 ಪ್ರೋಟಾನ್, ಅಂದರೆ 50ರ ತುಂಬಿದ ಶೆಲ್‌ನಿಂದಾಚೆ 12. ಸಮೇರಿಯಂ-144ರಲ್ಲಿ ನ್ಯೂಟ್ರಾನ್ 82, ಮ್ಯಾಜಿಕ್ ನಂಬರ್, ಅಂದರೆ ಶೆಲ್ ಪೂರ್ತಿ ತುಂಬುವ ಸಂಖ್ಯೆ. ಅದನ್ನು ಮೊದಲ ಎತ್ತರದ ಶಕ್ತಿ ಮಟ್ಟಕ್ಕೆ ಹತ್ತಿಸಲು ಸುಮಾರು 1660 ಕೆ.ಇ.ವಿ. (ಸಾವಿರ ಎಲೆಕ್ಟ್ರಾನ್ ವೋಲ್ಟ್) ಬೇಕು. 88 ನ್ಯೂಟ್ರಾನ್‌ಗೆ ಬಂದರೆ 334. ಇನ್ನೆರಡೇ ಸೇರಿಸಿ, 90ಕ್ಕೆ ಅದು 122ಕ್ಕೆ ಬೀಳುತ್ತದೆ! 92ಕ್ಕೆ 82. ಸ್ಪಿನ್ 4ರ ಮಟ್ಟ ಸ್ಪಿನ್ 2ರ ಈ ಮೊದಲ ಮಟ್ಟದ ಎಷ್ಟು ಪಟ್ಟು ಅಂತಲೂ ನೋಡಿ: 88ರಲ್ಲಿ 2.3, 90ರಲ್ಲಿ 3.0, 92ರಲ್ಲಿ 3.25. ಗಟ್ಟಿಯಾದ ಉದ್ದನೆಯ ವಸ್ತು ತಿರುಗಿದರೆ 3.33 ಬರಬೇಕು. ಗುಂಡನೆಯದು ತಿರುಗಿದರೂ ಕ್ವಾಂಟಂ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿ ಈ ಮಟ್ಟಗಳು ಕಂಡವು ಅಂದರೆ ಆಕಾರ ಗುಂಡಗಿರಲು ಸಾಧ್ಯವಿಲ್ಲ, ಅದು ನಮ್ಮ ಕಡೆಯ ಉದ್ದುದ್ದನೆಯ ಆಲೂಗಡ್ಡೆಯಂತಿದೆ. ಉದ್ದ ಅಗಲಕ್ಕಿಂತ ಸುಮಾರು 30 ಪರ್ಸೆಂಟ್ ಜಾಸ್ತಿ.

ಕಾರಣ? ತುಂಬಿದ ಶೆಲ್ ಎಲ್ಲಾ ದಿಕ್ಕಿಗೂ ಒಂದೇ ಸಮ. ಅದರಾಚೆಯ ಕಣಗಳು ಹಾಗಲ್ಲ, ಅವುಗಳ ಕಕ್ಷೆಗೆ ಒಂದು ದಿಕ್ಕಿದೆ. ಪ್ರೋಟಾನ್ ಪ್ರೋಟಾನ್ ಜೊತೆ, ನ್ಯೂಟ್ರಾನ್ ನ್ಯೂಟ್ರಾನ್ ಜೊತೆ ಜೋಡಿ ಕಟ್ಟಿ ಗುಂಡಗಿರಲು ನೋಡುತ್ತವೆ. ಆದರೆ ಪ್ರೋಟಾನ್-ನ್ಯೂಟ್ರಾನ್ ಸೆಳೆತ ಅವನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ, ಸ್ವಲ್ಪ ಉದ್ದವಾದ ಕೂಡಲೇ ಆ ಕಕ್ಷೆಗಳ ಶಕ್ತಿ ಇನ್ನೂ ಇಳಿಯುತ್ತದೆ, ಆಗ ಇನ್ನಷ್ಟು ಉದ್ದ. ಇದಕ್ಕೆ ಎರಡೂ ಬಗೆಯ ಕಣ ಬೇಕು. ಸಮೇರಿಯಂ-144ರಲ್ಲಿ 12 ಪ್ರೋಟಾನ್ ಹೊರಗಿದ್ದರೂ ನ್ಯೂಟ್ರಾನ್ ಒಂದೂ ಇಲ್ಲ, ಅದಕ್ಕೇ ಗುಂಡಗಿದೆ.

ಇನ್ನು ಉದ್ದವಾದ ಮೇಲೆ ಶೆಲ್ ಹಾಳಾಗುತ್ತದಾ? ಇಲ್ಲ. ಸ್ವೀಡನ್ನಿನ ಭೌತವಿಜ್ಞಾನಿ ನಿಲ್ಸನ್ 1955ರಲ್ಲಿ ತೋರಿಸಿದ್ದು ಇದನ್ನೇ. ಒಟ್ಟಿಗಿದ್ದ ಮಟ್ಟಗಳು ಒಡೆದು ಕೆಲವು ಇಳಿಯುತ್ತವೆ, ಕೆಲವು ಏರುತ್ತವೆ, ಬೇರೆ ಸಂಖ್ಯೆಗಳಲ್ಲಿ ಹೊಸ ಅಂತರ ಹುಟ್ಟುತ್ತದೆ. ಈ ಏರಿಳಿತ ತೋರಿಸುವ ನಿಲ್ಸನ್ ಚಿತ್ರ ಸುಮ್ನೆ ಬಾಯಿಪಾಠ ಮಾಡಬೇಡಿ. ಅಮೆರಿಕದ ಬ್ರೂಕ್‌ಹೇವನ್ ಲ್ಯಾಬ್‌ನ ನ್ಯೂಕ್ಲಿಯರ್ ಡೇಟಾ ಪುಕ್ಕಟೆ ಸಿಗುತ್ತದೆ. ನಿಯೋಡಿಮಿಯಂ, ಗ್ಯಾಡೊಲಿನಿಯಂ, ಡಿಸ್ಪ್ರೋಸಿಯಂ ಮೂರರದ್ದೂ ಮೊದಲ ಮಟ್ಟವನ್ನು ನ್ಯೂಟ್ರಾನ್ ಸಂಖ್ಯೆಗೆ ಎದುರಾಗಿ ಗ್ರಾಫ್ ಹಾಕಿ, 88ರಿಂದ 90ಕ್ಕೆ ಹೋಗುವಾಗ ಮೂರೂ ಧಡಕ್ಕನೆ ಬೀಳುವುದನ್ನು ನೀವೇ ನೋಡುತ್ತೀರಿ.