ಡಯಾಲಿಸಿಸ್ ನಡುವೆ ಎಂ.ಎ. ಓದು

ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದೆ, ಈಗ ಕನ್ನಡ ಎಂ.ಎ. ಕಟ್ಟಿದರೆ ಜನ ನಗುತ್ತಾರಾ ಅಂತ ಕೇಳಿದ್ದೀರಿ. ನಗಲಿ ಬಿಡಿ, ಅವರೇನು ನಿಮ್ಮ ಫೀಸು ಕಟ್ಟುತ್ತಾರಾ?

ನನ್ನ ತಮ್ಮನೂ ಹೀಗೇ ಓದಿದ. ಒಂದು ಸಲಕ್ಕೆ ಸುಮಾರು 4 ಗಂಟೆ ಮಲಗಿರಬೇಕು ಅಲ್ವಾ, ಅದೇ ಅವನ ಕ್ಲಾಸು. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿ ಮಾಡಿದ ಜಾಗ, ಎಡಗೈಯಲ್ಲಿತ್ತು, ಆ ಕೈ ಅಲುಗಿಸುವ ಹಾಗಿಲ್ಲ. ಬಲಗೈ ಒಂದರಲ್ಲೇ ದಪ್ಪ ಪುಸ್ತಕ ಹಿಡಿಯಲು ಆಗುತ್ತಿರಲಿಲ್ಲ. ಅಮ್ಮ ಅದನ್ನು ಬಿಚ್ಚಿ, ಪಾಠಕ್ಕೊಂದರಂತೆ ತೆಳ್ಳಗೆ ಹೊಲಿದು ಕೊಟ್ಟರು. ಬಿಪಿ ಇಳಿದು ಅಕ್ಷರ ಮಂಜಾದರೆ ಓದು ಬಂದ್, ಮೊದಲು ನರ್ಸ್ ಕರೆಯಬೇಕು. ಮನೆಗೆ ಬಂದ ಮೇಲೆ ಸುಮ್ನೆ ಮಲಗಿ. ಕಷ್ಟದ ಪಾಠ ಮರುದಿನ ಬೆಳಿಗ್ಗೆಗೆ ಇರಲಿ.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದಲ್ಲೇ ಕನ್ನಡ ಎಂ.ಎ. ಇದೆ, ದಿನಾ ಕಾಲೇಜಿಗೆ ಓಡಾಡಬೇಕಿಲ್ಲ. ಪರೀಕ್ಷೆಯ ವೇಳಾಪಟ್ಟಿ ಬಂದ ಕೂಡಲೇ ಡಯಾಲಿಸಿಸ್ ಮಾಡುವವರಿಗೆ ತೋರಿಸಿ, ದಿನ ಹೊಂದಿಸಿಕೊಡಲು ಕೇಳಿ. ಡಯಾಲಿಸಿಸ್ ತಪ್ಪಿಸುವುದು ಮಾತ್ರ ಬೇಡ. ತಮ್ಮ ಒಮ್ಮೆ ಪರೀಕ್ಷೆ ಅಂತ ತಪ್ಪಿಸಿದ, ರಾತ್ರಿ ಉಸಿರಾಡಲು ಆಗದೆ ಆಸ್ಪತ್ರೆಗೆ ಓಡಿದೆವು. ಪೇಪರೂ ಹೋಯಿತು. ಮುಂದಿನ ಸಲ ಅದರಲ್ಲೇ 61 ತೆಗೆದ.