ಅಮೆರಿಕದ ಒಹಾಯೊ ರಾಜ್ಯದ ನಮ್ಮ ಸಣ್ಣ ಊರಿಗೆ ಬಂದ ಕೋವಿಡ್ ಪರಿಹಾರದ ಹಣವನ್ನು ಪೊಲೀಸರ ಸಂಬಳಕ್ಕೆ ಹಾಕಿದ್ದಾರಂತೆ. ಹೀಗೆ ಮಾಡಬಹುದಾ?

ಕಾನೂನಿನ ಪ್ರಕಾರ ಮಾಡಬಹುದು. ಹಾಗಂತ ಸುಮ್ನೆ ಬಿಡುವ ವಿಷಯವಲ್ಲ. ನಾನೂ ಒಹಾಯೊದವನೇ, ನಮ್ಮೂರ ಕೌನ್ಸಿಲ್ ಸಭೆಗಳಿಗೆ ಹೋಗಿ ಕೂರುತ್ತೇನೆ. ಈ ಹಣದ ದಾರಿ ಹೇಗಿದೆ ಅಂತ ಹೇಳುತ್ತೇನೆ.

2021ರ ಮಾರ್ಚ್‌ನಲ್ಲಿ ಬಂದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯಲ್ಲಿ ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯ ಥರ), ನಗರಗಳಿಗೆಲ್ಲ ಸೇರಿ 35 ಸಾವಿರ ಕೋಟಿ ಡಾಲರ್ ಎತ್ತಿಟ್ಟರು. ಜನರ ಆರೋಗ್ಯಕ್ಕೆ, ಕೋವಿಡ್‌ನಿಂದ ಪೆಟ್ಟು ತಿಂದವರಿಗೆ, ನೀರು, ಒಳಚರಂಡಿ, ಇಂಟರ್ನೆಟ್ ಕೆಲಸಕ್ಕೆ ಬಳಸಬಹುದು. ಊರಿನ ಆದಾಯದಲ್ಲಿ ಆದ ಖೋತಾ ತುಂಬಿಕೊಳ್ಳಲೂಬಹುದು. ನಿಮ್ಮೂರ ಹಣ ಬಹುಶಃ ಈ ಕೊನೆಯ ಲೆಕ್ಕದಲ್ಲಿ ಹೋಗಿದೆ.

ಯಾಕೆಂದರೆ 2022ರ ಅಂತಿಮ ನಿಯಮದಲ್ಲಿ ಕೇಂದ್ರ ಸರ್ಕಾರದ ಖಜಾನೆ ಇಲಾಖೆ ಒಂದು ಸಡಿಲಿಕೆ ಕೊಟ್ಟಿತು. ತನಗೆ ಬಂದ ಹಣದಲ್ಲಿ 1 ಕೋಟಿ ಡಾಲರ್‌ವರೆಗೆ 'ಆದಾಯ ನಷ್ಟ' ಅಂತ ತೋರಿಸಲು ಯಾವ ಊರೂ ಲೆಕ್ಕ ಒಪ್ಪಿಸಬೇಕಿಲ್ಲ. ಸಣ್ಣ ಊರುಗಳಿಗೆ ಬಂದ ಒಟ್ಟು ಹಣವೇ ಅದಕ್ಕಿಂತ ಕಡಿಮೆ. ಹಾಗೆ ತೋರಿಸಿದ ಮೇಲೆ ರಸ್ತೆ, ಫೈರ್ ಟ್ರಕ್, ಪೊಲೀಸ್ ಸಂಬಳ ಯಾವುದಕ್ಕಾದರೂ ಆಗುತ್ತದೆ. ಪಿಂಚಣಿ ನಿಧಿಗೆ ತುಂಬುವಂತಿಲ್ಲ, ಹಳೇ ಸಾಲ ತೀರಿಸುವಂತಿಲ್ಲ, ಇಂಥ ಕೆಲವು ನಿರ್ಬಂಧಗಳಿವೆ, ಅಷ್ಟೇ.

ಈಗ ಮುಖ್ಯ ವಿಷಯ. ಖಜಾನೆಗೆ ಕಳಿಸುವ ವರದಿಯಲ್ಲಿ ಇದೆಲ್ಲ 6.1 ಅನ್ನೋ ಒಂದೇ ಸಾಲಿನಲ್ಲಿ 'ಸರ್ಕಾರಿ ಸೇವೆಗಳು' ಅಂತ ಬರುತ್ತದೆ. ಪೊಲೀಸರ ಸಂಬಳ ಹೇಗಿದ್ದರೂ ಊರು ಕೊಡಲೇಬೇಕಿತ್ತು, ಅಲ್ವಾ? ಅದನ್ನು ಪರಿಹಾರದ ಹಣದಿಂದ ಕೊಟ್ಟರೆ ಜನರಲ್ ಫಂಡ್‌ನಲ್ಲಿ, ಅಂದರೆ ಊರಿನ ಸಾಮಾನ್ಯ ಖರ್ಚಿನ ಖಾತೆಯಲ್ಲಿ, ಅಷ್ಟೇ ದುಡ್ಡು ಉಳಿಯಿತು. ಹಾಗೆ ಉಳಿದ ದುಡ್ಡು ಊರಿನ ಸ್ವಂತದ್ದು. ಪರಿಹಾರದ ಷರತ್ತು ಯಾವುದೂ ಅದಕ್ಕಿಲ್ಲ, ಈ ವರದಿಯಲ್ಲೂ ಅದು ಕಾಣೋದಿಲ್ಲ. ನೀವು ಬೆನ್ನು ಹತ್ತಬೇಕಾದ್ದು ಅದನ್ನೇ.

ಕ್ಲೀವ್‌ಲ್ಯಾಂಡ್ ಇರುವ ಕಾಯಹೋಗಾ ಕೌಂಟಿಯನ್ನು ನೋಡಿ. 2022ರಲ್ಲಿ ಅಲ್ಲಿನ ಕೌನ್ಸಿಲ್‌ನ 11 ಸದಸ್ಯರು ಪರಿಹಾರದ ಹಣದ 6.6 ಕೋಟಿ ಡಾಲರನ್ನು ತಲಾ 60 ಲಕ್ಷದಂತೆ ತಮ್ಮ ತಮ್ಮ ಕ್ಷೇತ್ರದ ಕೆಲಸಗಳಿಗೆ ಹಂಚಿಕೊಂಡರು. ಹೆಚ್ಚುಕಮ್ಮಿ ನಮ್ಮ ಕರ್ನಾಟಕದ ಶಾಸಕರ ನಿಧಿಯ ಥರ. ಆ ಕೆಲಸಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಆದರೆ ಇಡೀ ಕೌಂಟಿಗೆ ಯಾವುದು ಜರೂರು ಅಂತ ಎಲ್ಲರ ಮುಂದೆ ಚರ್ಚೆಯಾಗಿ ಖರ್ಚಾಗಬೇಕಿದ್ದ ದುಡ್ಡು ಅದು. ಜನ ಸತ್ತ, ಅಂಗಡಿ ಮುಚ್ಚಿದ ಕಾಲದ ಹೆಸರಲ್ಲಿ ಬಂದದ್ದು. ಅದೇ ವರ್ಷ ಇದೇ ರಾಜ್ಯದ ಟೊಲೀಡೊ ನಗರ ಮತ್ತು ಲ್ಯೂಕಸ್ ಕೌಂಟಿ ಪರಿಹಾರದ ಹಣದಲ್ಲಿ ತಲಾ 8 ಲಕ್ಷ ಡಾಲರ್ ಹಾಕಿ, ಬಡವರ ಆಸ್ಪತ್ರೆ ಸಾಲವನ್ನು ತೀರಾ ಕಡಿಮೆ ಬೆಲೆಗೆ ಕೊಂಡು ಮನ್ನಾ ಮಾಡುವ ತೀರ್ಮಾನ ತೆಗೆದುಕೊಂಡವು. ಕೊಟ್ಟ ಪ್ರತಿ ಡಾಲರ್‌ಗೆ ಎಷ್ಟೋ ಪಟ್ಟು ಸಾಲ ಅಳಿಸಬಹುದು. ನನ್ನ ಮಟ್ಟಿಗೆ ಪರಿಹಾರ ಅಂದರೆ ಅದು.

ನಿಮ್ಮೂರ ಕೌನ್ಸಿಲ್ ಕ್ಲರ್ಕ್‌ಗೆ ಒಂದು ಈಮೇಲ್ ಹಾಕಿ. ಪರಿಹಾರದ ಹಣ ಹಂಚಿದ ಎಲ್ಲ ನಿರ್ಣಯಗಳ ಪ್ರತಿ ಕೇಳಿ. ಜೊತೆಗೆ 2020ರಿಂದ ಈಚೆಗೆ ಪ್ರತಿ ವರ್ಷದ ಕೊನೆಗೆ ಜನರಲ್ ಫಂಡ್‌ನಲ್ಲಿ ಎಷ್ಟು ಉಳಿದಿತ್ತು ಅಂತಲೂ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. 2024ರ ಡಿಸೆಂಬರ್ 31ರೊಳಗೆ ಯಾವ ಯಾವ ಗುತ್ತಿಗೆಗೆ ಸಹಿಯಾಗಿತ್ತು ಅನ್ನೋದೂ ಬೇಕು. ಆ ಗಡುವಿನೊಳಗೆ ಗೊತ್ತುಪಡಿಸದ ಹಣವನ್ನೂ, 2026ರ ಕೊನೆಯೊಳಗೆ ಖರ್ಚಾಗದೆ ಉಳಿದದ್ದನ್ನೂ ವಾಪಸ್ ಕೊಡಬೇಕು. ಒಹಾಯೊದ ಕಾನೂನಿನಲ್ಲಿ ಈ ದಾಖಲೆಗಳನ್ನು ಯಾರು ಬೇಕಾದರೂ ಕೇಳಬಹುದು, ಕಾರಣ ಹೇಳಬೇಕಿಲ್ಲ. ನೀವು ಎಚ್-1ಬಿ ವೀಸಾದಲ್ಲಿದ್ದರೂ ಪರವಾಗಿಲ್ಲ.