ಚೊಚ್ಚಲ ಹೆರಿಗೆ ಮತ್ತು ರಾತ್ರಿ ಮೂರು ಗಂಟೆಯ ಭಯ

ಚೊಚ್ಚಲ ಬಸುರಿ, 34 ವಾರ ಅಂತ ಬರೆದಿದ್ದೀರಿ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ನೋವು ತಡೆದುಕೊಳ್ಳೋಕೆ ಆಗುತ್ತಾ, ಎದೆಹಾಲು ಸಾಕಾಗುತ್ತಾ, ಸಣ್ಣಪುಟ್ಟದ್ದಕ್ಕೆಲ್ಲ ಸೂಲಗಿತ್ತಿಗೆ ಫೋನ್ ಮಾಡಿದರೆ ಬೈಯುತ್ತಾರಾ? ಕೊನೆಗೆ 'ಇದೆಲ್ಲ ನನಗೊಬ್ಬಳಿಗೇನಾ' ಅಂತಲೂ ಕೇಳಿದ್ದೀರಿ.

ನಿಮಗೊಬ್ಬರಿಗೇ ಅಲ್ಲ. ನನಗೆ ಇಬ್ಬರು ಮಕ್ಕಳು. ಮೊದಲ ಸಲ ತಪಾಸಣೆಗೆ ಹೋದಾಗಲೆಲ್ಲ ಹೊರಗೆ ಬೆಂಚಿನ ಮೇಲೆ ಆರೇಳು ಬಸುರಿಯರು ಕೂತಿರುತ್ತಿದ್ದೆವು. ಹತ್ತು ನಿಮಿಷ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಒಬ್ಬರು 'ನಿಮಗೆಷ್ಟು ವಾರ?' ಅಂದರೆ ಸಾಕು, ಎಲ್ಲರ ಬಾಯಿಂದ ಒಂದೊಂದೇ ಭಯ ಹೊರಗೆ ಬರುತ್ತಿತ್ತು. ಒಂದು ದಿನ ಒಬ್ಬಾಕೆ ದನಿ ತಗ್ಗಿಸಿ, 'ಮುಕ್ಕರಿಯುವಾಗ ಎಲ್ಲರೆದುರು ಕಕ್ಕಸು ಆಗಿಬಿಟ್ಟರೆ?' ಅಂದರು. ಬೆಂಚಿಗೆ ಬೆಂಚೇ ನಕ್ಕಿತು. ಯಾಕೆಂದರೆ ಎಲ್ಲರಿಗೂ ಅದೇ ಭಯ ಇತ್ತು, ಕೇಳಲು ನಾಚಿಕೆ ಅಷ್ಟೇ. (ಆಗುತ್ತದೆ, ಬಹಳ ಜನಕ್ಕೆ ಆಗುತ್ತದೆ. ಸೂಲಗಿತ್ತಿಯರು ಮಾತಿಲ್ಲದೆ ಒರೆಸಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ.)

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಎರಡು ಸಲ ಹೆತ್ತವಳು, ಎರಡೂ ಸಲ ಸಿಕ್ಕಾಪಟ್ಟೆ ಓದಿದವಳು. ಆ ಲೆಕ್ಕದಲ್ಲಿ ಹೇಳುತ್ತೇನೆ.

ನೋವಿನ ಮಾತು ಮೊದಲು. ಹೆರಿಗೆ ನೋವು ಎಂದರೆ ಗಂಟೆಗಟ್ಟಲೆ ಒಂದೇ ಸಮನೆ ಹಿಂಡುವ ನೋವು ಅಂತ ನಾನು ಅಂದುಕೊಂಡಿದ್ದೆ. ಅದು ಬಂದು ಹೋಗುವ ನೋವು. ಶುರುವಿನಲ್ಲಿ ಅರ್ಧ ನಿಮಿಷ ಬಂದು ಹತ್ತು ಹದಿನೈದು ನಿಮಿಷ ಬಿಡುವು ಕೊಡಬಹುದು. ಜೋರಾದ ಮೇಲೆ ಎರಡು ಮೂರು ನಿಮಿಷಕ್ಕೊಂದು ಸಲ ಬಂದು ಸುಮಾರು ಒಂದು ನಿಮಿಷ ಇರುತ್ತದೆ. ಆ ಒಂದು ನಿಮಿಷ ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ನಡುವೆ ಬಿಡುವು ಸಿಗುತ್ತದೆ. ನಾನಂತೂ ಆ ಬಿಡುವಿನಲ್ಲಿ ತೂಕಡಿಸಿದ್ದೇನೆ.

ಇನ್ನೊಂದು, ಗಡಿಯಾರದ ಜೊತೆ ಜಗಳ ಬೇಡ. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆಯಬೇಕು, ಗಂಟೆಗೆ ಒಂದು ಸೆಂಟಿಮೀಟರ್ ಆಗಲೇಬೇಕು ಅಂತ ಹಿಂದೆ ಒಂದು ಲೆಕ್ಕ ಇತ್ತು. ಎಲ್ಲ ಹೆಂಗಸರನ್ನೂ ಆ ಲೆಕ್ಕದಿಂದ ಅಳೆಯಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. 5 ಸೆಂಟಿಮೀಟರ್ ಆದ ಮೇಲಿನದ್ದನ್ನು ಅವರು ನಿಜವಾದ ಜೋರು ಹಂತ ಅಂತ ಎಣಿಸುತ್ತಾರೆ, ಚೊಚ್ಚಲಿನಲ್ಲಿ ಆ ಹಂತ ಸಾಮಾನ್ಯವಾಗಿ 12 ಗಂಟೆ ದಾಟುವುದಿಲ್ಲ. ಅದಕ್ಕೂ ಮೊದಲಿನದ್ದಕ್ಕೆ ಇಷ್ಟೇ ಹೊತ್ತು ಅಂತಿಲ್ಲ. ಒಬ್ಬರಿಗೆ ನಾಲ್ಕು ಗಂಟೆ, ಇನ್ನೊಬ್ಬರಿಗೆ ಇಡೀ ದಿನ. ಆಗ ಮಲಗಿ, ಸ್ನಾನ ಮಾಡಿ, ಓಡಾಡಿ. ನೋವು ಜೋರಾದ ಮೇಲೂ ಮಲಗೇ ಇರಬೇಕು ಅಂತಿಲ್ಲ. ನಿಂತು, ನಡೆದಾಡಿ, ಬಗ್ಗಿ ಕಾಲ ಕಳೆದವರಿಗೆ ಮೊದಲ ಹಂತ, ಅಂದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ತನಕದ್ದು, ಸರಾಸರಿ ಒಂದು ಗಂಟೆಗೂ ಜಾಸ್ತಿ ಬೇಗ ಮುಗಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಬೇಕೆನಿಸಿದರೆ ಕೇಳಿ, ಸೋತೆ ಅಂತ ಯಾರೂ ಬರೆದುಕೊಳ್ಳುವುದಿಲ್ಲ. ಸಿಸೇರಿಯನ್ ಆದರೂ ಅಷ್ಟೇ, ಅದೂ ಹೆರಿಗೆಯೇ.

ಈಗ ನನಗೆ ನಿಜಕ್ಕೂ ಮುಖ್ಯ ಅನ್ನಿಸುವ ವಿಷಯ. ನನ್ನ ಎರಡು ಹೆರಿಗೆಗಳಲ್ಲಿ ನೋವು ಹೆಚ್ಚುಕಮ್ಮಿ ಒಂದೇ. ಬೇರೆ ಇದ್ದದ್ದು ಪಕ್ಕದಲ್ಲಿ ಯಾರಿದ್ದರು ಅನ್ನುವುದು. ಮೊದಲನೆಯದರಲ್ಲಿ ಒಬ್ಬರು ಬರುತ್ತಿದ್ದರು, ನೋಡುತ್ತಿದ್ದರು, 'ಇನ್ನೂ ಟೈಮಿದೆ' ಅಂದು ಹೋಗುತ್ತಿದ್ದರು. ನಾನು ಗೋಡೆ ನೋಡುತ್ತಿದ್ದೆ. ಆ ಗೋಡೆಯಲ್ಲಿ ಎಷ್ಟು ಬಿರುಕಿತ್ತು ಅಂತ ಈಗಲೂ ಹೇಳಬಲ್ಲೆ. ಎರಡನೆಯದರಲ್ಲಿ ಒಬ್ಬ ಸೂಲಗಿತ್ತಿ ಕೊನೆತನಕ ಕೂತರು. ದೊಡ್ಡ ಮಾತೇನೂ ಆಡಲಿಲ್ಲ. ನೋವು ಏರುವಾಗ ಅಂಗೈಯ ಬುಡವನ್ನು ನನ್ನ ಸೊಂಟದ ಕೆಳಗೆ ಒತ್ತಿ ಹಿಡಿಯುತ್ತಿದ್ದರು. ಇಳಿಯುವಾಗ 'ಇಳೀತಿದೆ, ಇಳೀತಿದೆ' ಅನ್ನುತ್ತಿದ್ದರು. ನನಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು.

ಇದು ಬರೀ ನನ್ನ ಅನುಭವ ಅಲ್ಲ. ಹೆರಿಗೆಯುದ್ದಕ್ಕೂ ಯಾರಾದರೂ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ ಅಂತ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2017ರಲ್ಲಿ ಒಟ್ಟುಹಾಕಿ ನೋಡಿದರು. ಜೊತೆ ಇದ್ದವರಿಗೆ ಸಿಸೇರಿಯನ್ ಕಡಿಮೆ, ಹೆರಿಗೆಯ ಹೊತ್ತು ಸ್ವಲ್ಪ ಕಡಿಮೆ, ಆಮೇಲೆ 'ಛೇ, ಹೀಗಾಯ್ತಲ್ಲ' ಅಂತ ನೊಂದುಕೊಂಡವರೂ ಕಡಿಮೆ. ಜೊತೆಗಿರುವವರು ಸೂಲಗಿತ್ತಿಯೇ ಆಗಬೇಕಿಲ್ಲ. ಗಂಡ, ಅಮ್ಮ, ಅಕ್ಕ, ಗೆಳತಿ ಯಾರಾದರೂ ಸರಿ. ಗಾಬರಿ ಬೀಳದವರಾಗಿರಬೇಕು, ಅಷ್ಟೇ. ಸೂಲಗಿತ್ತಿ ಇದ್ದರೆ ಇನ್ನೊಂದು ಅನುಕೂಲ. ತರಬೇತಿ ಪಡೆದವರು ಮಗುವಿನ ಎದೆಬಡಿತ, ನಿಮ್ಮ ಬಿಪಿ, ರಕ್ತಸ್ರಾವ ಎಲ್ಲ ಗಮನಿಸುತ್ತಾರೆ, ಯಾವಾಗ ಡಾಕ್ಟರನ್ನು ಕರೆಯಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಡೂಲಾ ಅಂತ ಇರುತ್ತಾರಲ್ಲ, ಅವರದು ಧೈರ್ಯ ತುಂಬುವ ಕೆಲಸ. ತಪಾಸಣೆ ಅವರು ಮಾಡುವುದಿಲ್ಲ.

ಹಾಗಾಗಿ ಮುಂದಿನ ತಪಾಸಣೆಯಲ್ಲೇ ಕೇಳಿಬಿಡಿ. ರಾತ್ರಿ ಹೆರಿಗೆಯಾದರೆ ಯಾರಿರುತ್ತಾರೆ? ನಮ್ಮವರೊಬ್ಬರನ್ನು ಒಳಗೆ ಬಿಡುತ್ತೀರಾ? ಮಗು ಹುಟ್ಟಿದ ಕೂಡಲೇ ಎದೆಯ ಮೇಲೆ ಹಾಕುತ್ತೀರಾ? ಹಾಲು ಕುಡಿಸುವುದನ್ನು ಕೂತು ನೋಡಿ ಹೇಳಿಕೊಡುವವರು ಇದ್ದಾರಾ? ನಾಚಿಕೆ ಬೇಡ. ಈ ಕೊನೆಯ ಪ್ರಶ್ನೆ ಕೇಳದೆ ಇದ್ದದ್ದಕ್ಕೆ ನಾನು ಪಟ್ಟ ಪಾಡು ಹೇಳುತ್ತೇನೆ ಕೇಳಿ.

ಮೊದಲ ಮಗು, ಎರಡನೇ ರಾತ್ರಿ. ಎದೆಯಿಂದ ಬಿಡಿಸಿದರೆ ಅಳು, ಹಾಕಿದರೆ ಎರಡು ನಿಮಿಷ ಚೀಪಿ ಮತ್ತೆ ಅಳು. ಆ ಕಡೆ ಹೋಗುತ್ತಿದ್ದ ಒಬ್ಬರು ನಿಲ್ಲದೆ, 'ನಿಮಗೆ ಹಾಲೇ ಇಲ್ಲ ಕಣಮ್ಮಾ' ಅಂದು ನಡೆದರು. ನಂಬಿಬಿಟ್ಟೆ. ನಿಜ ಏನೆಂದರೆ, ಎರಡನೇ ರಾತ್ರಿ ಮಕ್ಕಳು ಹಾಗೇ ಮಾಡುತ್ತವೆ. ಮೊದಲ ದಿನಗಳಲ್ಲಿ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು, ಒಂದು ಸಲಕ್ಕೆ ಚಮಚದ ಲೆಕ್ಕ. ಮಗುವಿಗೆ ಆಗ ಬೇಕಾದದ್ದೂ ಅಷ್ಟೇ. ಎದೆ ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಸಿಸೇರಿಯನ್ ಆಗಿದ್ದರೆ, ರಕ್ತ ಜಾಸ್ತಿ ಹೋಗಿದ್ದರೆ ಇನ್ನೂ ಸ್ವಲ್ಪ ತಡ. ಪದೇಪದೇ ಚೀಪುವುದೇ ಹಾಲು ಏರುವ ದಾರಿ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ.

ಹಾಲು ಸಾಕಾಗುತ್ತಿದೆಯಾ ಅಂತ ನೋಡುವುದು ಮಗುವಿನ ಕೆಳಗಿನ ಬಟ್ಟೆಯಲ್ಲಿ. ಮೊದಲ ದಿನ ಒಂದು ಒದ್ದೆ ಬಟ್ಟೆ, ಎರಡನೇ ದಿನ ಎರಡು, ಮೂರನೇ ದಿನ ಮೂರು. ಐದಾರು ದಿನ ಆದಮೇಲೆ ದಿನಕ್ಕೆ ಆರು ಅಥವಾ ಜಾಸ್ತಿ. ಕಕ್ಕ ಮೊದಲು ಟಾರಿನಂತೆ ಕಪ್ಪಗಿದ್ದು, ಹಸಿರಾಗಿ, ಐದನೇ ದಿನದ ಹೊತ್ತಿಗೆ ಹಳದಿಗೆ ತಿರುಗಬೇಕು. ತೂಕ ಮೊದಲು ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ನೂರಕ್ಕೆ ಏಳರವರೆಗೆ ಇಳಿಯುವುದು ಮಾಮೂಲು, ಹತ್ತರ ಹತ್ತಿರ ಹೋದರೆ ಮಾತ್ರ ಕೂಡಲೇ ತೋರಿಸಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಪಂಪಿನಲ್ಲಿ ಎಷ್ಟು ಬಂತು, ಎದೆ ಎಷ್ಟು ದೊಡ್ಡದು, ಮಗು ಎಷ್ಟು ಅತ್ತಿತು, ಇದ್ಯಾವುದೂ ಅಳತೆಯಲ್ಲ. ಇದನ್ನು ಯಾರಾದರೂ ಆ ರಾತ್ರಿ ನನಗೆ ಹೇಳಿದ್ದರೆ!

ನಾಲ್ಕನೇ ದಿನ ತೊಟ್ಟು ಬಿರಿದು ರಕ್ತ ಜಿನುಗುತ್ತಿತ್ತು. ಮಗು ಬಾಯಿ ತೆರೆದರೆ ನನ್ನ ಹೆಗಲು ಕಿವಿಗೆ ಏರುತ್ತಿತ್ತು. ಆಗ ಒಬ್ಬ ಸೂಲಗಿತ್ತಿ ನೋಡಲು ಬಂದರು. ಮಗುವನ್ನು ಮುಟ್ಟಲೇ ಇಲ್ಲ. 'ದಿನಾ ಹೇಗೆ ಕುಡಿಸ್ತೀರೋ ಹಾಗೇ ಕುಡಿಸಿ, ನೋಡ್ತೀನಿ' ಅಂದು ಸ್ಟೂಲ್ ಎಳೆದುಕೊಂಡು ಕೂತರು. ನಾನು ಮುಂದಕ್ಕೆ ಬಾಗಿ, ಮಗುವಿನ ಮುಖ ತಿರುಗಿಸಿ, ತೊಟ್ಟನ್ನು ಬಾಯಿಗೆ ತುರುಕಿದೆ. ಅವರು ಎದ್ದು ಒಂದು ಲೋಟ ನೀರು ತಂದು ನನ್ನ ಕೈಗಿಟ್ಟರು. 'ಕತ್ತು ಪೂರ್ತಿ ಭುಜದ ಕಡೆ ತಿರುಗಿಸಿ. ಈಗ ಕುಡೀರಿ.' ಕುಡಿಯಲು ಹೋದೆ, ಗಂಟಲಲ್ಲಿ ಇಳಿಯಲಿಲ್ಲ. 'ನಿಮ್ಮ ಮಗು ನಾಲ್ಕು ದಿನದಿಂದ ಹೀಗೇ ಕುಡೀತಿದೆ' ಅಂದರು.

ಆಮೇಲೆ ನನ್ನನ್ನು ಹಿಂದಕ್ಕೆ ಒರಗಿಸಿದರು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವ ಹಾಗೆ ಇಡೀ ಮೈ ತಿರುಗಿಸಲು ಹೇಳಿದರು. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿ. ತೊಟ್ಟು ಮಗುವಿನ ಬಾಯಿಗೆ ಅಲ್ಲ, ಮೂಗಿಗೆ ಎದುರಾಗಿ. 'ಕಾಯಿರಿ. ಆಕಳಿಸೋ ಥರ ಬಾಯಿ ಬಿಡ್ಲಿ.' ಬಿಟ್ಟಿತು. ಎದೆಯನ್ನು ಮಗುವಿನ ಹತ್ತಿರ ಒಯ್ಯದೆ ಮಗುವನ್ನೇ ಎದೆಗೆ ತಂದೆ, ಗದ್ದ ಮೊದಲು ತಾಗುವ ಹಾಗೆ. ಕೆಳತುಟಿ ಹೊರಕ್ಕೆ ಮಡಚಿಕೊಂಡಿತು. ಮೊದಲ ಕೆಲವು ಸೆಕೆಂಡ್ ಚುರ್ ಅಂದಿತು, ಆಮೇಲೆ ನೋವಿಲ್ಲ. ಅವರು ಬೆರಳೆತ್ತಿ 'ಕೇಳಿ' ಅಂದರು. ಕ್... ಕ್... ಅಂತ ನುಂಗುವ ಸದ್ದು. ಅದನ್ನು ನಾನು ಕೇಳಿದ್ದು ಅದೇ ಮೊದಲು.

ಕುಡಿದು ಬಿಟ್ಟ ಮೇಲೆ ತೊಟ್ಟು ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ಬರೀ ತುದಿಯನ್ನು ಹಿಡಿದಿದೆ ಅಂತ ಅರ್ಥ. ದುಂಡಗೇ ಇದ್ದರೆ ಸರಿ. ಕುಡಿಯುವಾಗ ನೋವು ನಿಲ್ಲದಿದ್ದರೆ ಹಲ್ಲು ಕಚ್ಚಿಕೊಂಡು ಸಹಿಸಬೇಡಿ. ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ಇಟ್ಟು ಬಿಡಿಸಿ, ಮತ್ತೆ ಹಿಡಿಸಿ. ಎರಡು ದಿನ ಹತ್ತಾರು ಸಲ ಹೀಗೆ ಮಾಡಿದೆ.

ಇಷ್ಟಾದರೂ ನನ್ನ ಮಗುವಿಗೆ ಹತ್ತು ದಿನ ಮೇಲುಹಾಲು ಕೊಡಬೇಕಾಯಿತು, ತೂಕ ಅಷ್ಟು ಇಳಿದಿತ್ತು. ಪ್ರತಿ ಬಾಟಲಿಗೂ ಅತ್ತಿದ್ದೆ. ಈಗ ಯೋಚಿಸಿದರೆ ಸುಮ್ನೆ ಅತ್ತಿದ್ದು ಅನ್ನಿಸುತ್ತದೆ. ಕೆಲವರಿಗೆ ನಿಜಕ್ಕೂ ಹಾಲು ಸಾಲುವುದಿಲ್ಲ. ಹಿಂದೆ ಆದ ಎದೆಯ ಆಪರೇಷನ್, ಥೈರಾಯ್ಡ್ ತೊಂದರೆ, ಹೀಗೆ ಕಾರಣ ಇರುತ್ತದೆ. ಮಗು ಹಸಿದಿದ್ದರೆ ಮೊದಲು ಮಗುವಿನ ಹೊಟ್ಟೆ, ಆಮೇಲೆ ಬಾಕಿ ಮಾತು. ಆರು ತಿಂಗಳ ತನಕ ನೀರು ಮಾತ್ರ ಬೇಡ, ಹಾಲಲ್ಲೇ ನೀರಿದೆ.

ಮೂರರಿಂದ ಐದನೇ ದಿನದ ನಡುವೆ ಕಾರಣವಿಲ್ಲದೆ ಅಳು ಬರಬಹುದು. ನಾನು ಟವೆಲ್ ಮಡಚಲು ಬರಲಿಲ್ಲ ಅಂತ ಅತ್ತಿದ್ದೇನೆ. ಬಹಳ ಬಾಣಂತಿಯರಿಗೆ ಹೀಗಾಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ, ಮಗು ಮಲಗಿದ್ದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಸೂಲಗಿತ್ತಿಗೋ ಡಾಕ್ಟರಿಗೋ ಹೇಳಿ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಒಂದು ಸಲ ಬಂದರೂ ಆ ದಿನವೇ ಹೇಳಿ. ಅದು ಕಾಯಿಲೆ, ಔಷಧಿ ಇದೆ.

ಇನ್ನು ಫೋನಿನ ವಿಷಯ. ಕೆಲವಕ್ಕೆ ಯೋಚಿಸುತ್ತಾ ಕೂರಬಾರದು. ರಕ್ತ ಹೋದರೆ. ನೀರು ಒಡೆದರೆ, ಅದರಲ್ಲೂ ಬಣ್ಣ ಹಸಿರೋ ಕಂದೋ ಇದ್ದರೆ. ತಡೆಯಲಾರದ ತಲೆನೋವು, ಕಣ್ಣು ಮಂಜು, ಮೇಲುಹೊಟ್ಟೆ ನೋವು ಬಂದರೆ. ಜ್ವರ ಬಂದರೆ. 37 ವಾರಕ್ಕೆ ಮೊದಲೇ ಬಿಟ್ಟು ಬಿಟ್ಟು ನೋವು ಬಂದರೆ. ಮಗುವಿನ ಓಡಾಟ ಕಡಿಮೆಯಾಯಿತು ಅನ್ನಿಸಿದರೆ. 'ಕೊನೆ ತಿಂಗಳಲ್ಲಿ ಜಾಗ ಸಾಲಲ್ಲ, ಅದಕ್ಕೇ ಮಗು ಸುಮ್ಮನಿರುತ್ತೆ' ಅಂತ ಯಾರೇ ಹೇಳಲಿ, ನಂಬಬೇಡಿ. ಒದೆಯುವ ರೀತಿ ಬದಲಾಗಬಹುದು, ಲೆಕ್ಕ ಕಡಿಮೆಯಾಗಬಾರದು. ಬೆಳಗಾಗಲಿ ಅಂತಲೂ ಕಾಯಬೇಡಿ.

ಬೈಯುತ್ತಾರಾ ಅಂದಿರಿ. ಎರಡನೇ ಬಸಿರಿನಲ್ಲಿ ನಾನು ಹೊತ್ತಲ್ಲದ ಹೊತ್ತಿನಲ್ಲಿ ಮೂರು ಸಲ ಫೋನ್ ಮಾಡಿದ್ದೇನೆ. ಮೊದಲನೆಯದು ಸುಳ್ಳುನೋವು, ಎದ್ದು ನಡೆದಾಡಿದರೆ ಹೋಯಿತು. ಎರಡನೇ ಸಲ ನೀರು ಒಡೆಯಿತು ಅಂತ ಗಾಬರಿಯಾದೆ, ಹೋಗಿ ತೋರಿಸಿದರೆ ಸೀನಿದಾಗ ಹೋದ ಮೂತ್ರ. ಮಾನ ಹೋಯಿತು ಅಂದುಕೊಂಡೆ. ಅವರು 'ಬಂದು ತೋರಿಸಿದ್ದೇ ಒಳ್ಳೇದಾಯ್ತು' ಅಂದರು, ಅಷ್ಟೇ. ಮೂರನೇ ಸಲ ಡೇಟ್ ಕಳೆದು ಎರಡು ದಿನ ಆಗಿತ್ತು. (ಕೊಟ್ಟ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದಿದ್ದರೆ ಹೆಚ್ಚು.) 'ಇದೂ ಸುಳ್ಳುನೋವೇ ಇರಬೇಕು, ಸುಮ್ನೆ ತೊಂದರೆ ಕೊಟ್ಟೆ' ಅಂತ ಪೀಠಿಕೆ ಹಾಕಿದೆ. ಅವರು ನೋವು ಎಷ್ಟು ನಿಮಿಷಕ್ಕೆ ಬರುತ್ತಿದೆ ಅಂತ ಕೇಳಿ, ದೊಡ್ಡ ಮಗು ಎಲ್ಲಿ ಮಲಗಿದೆ, ಮನೆಯಲ್ಲಿ ಯಾರಿದ್ದಾರೆ ಅಂತ ಏನೇನೋ ಮಾತಾಡಿಸುತ್ತಾ ಹೋದರು. ಈ ಹೊತ್ತಿನಲ್ಲಿ ಇದೆಲ್ಲ ಯಾಕೆ ಅಂದುಕೊಳ್ಳುತ್ತಲೇ ಉತ್ತರ ಕೊಡುತ್ತಿದ್ದೆ. ನೋವು ಬಂತು. ನಡುವಿನಲ್ಲೇ ಮಾತು ನಿಂತು, ಟೇಬಲ್ ಹಿಡಿದುಕೊಂಡು ಬರೀ ಉಸಿರು ಬಿಟ್ಟೆ. ಆ ಕಡೆಯಿಂದಲೂ ಮಾತಿಲ್ಲ. ನೋವು ಇಳಿಯುವ ತನಕ ಲೈನಿನಲ್ಲೇ ಇದ್ದು ಕೇಳಿಸಿಕೊಂಡರು.

'ಬ್ಯಾಗ್ ತಗೊಳ್ಳಿ, ಹೊರಡಿ. ನಾನೂ ಬರ್ತಿದ್ದೀನಿ' ಅಂದರು.